ಕಟ್ಟದೆ ಉಳಿದ ಅರ್ಥ್ ವಯರ್

ಅಕ್ಕನ ಗಂಡ ಪೆಟ್ರೋಲ್ ಟ್ಯಾಂಕರಿನ ಡ್ರೈವರಾಗಿದ್ದರು. ಬಂಕಿನಲ್ಲಿ ಪೆಟ್ರೋಲ್ ಇಳಿಸುವ ಮೊದಲು ನೆಲದಿಂದ ಬರುವ ಅರ್ಥ್ ವಯರನ್ನು ಟ್ಯಾಂಕರಿಗೆ ಸಿಕ್ಕಿಸದೆ ಅವರು ಪೈಪು ಮುಟ್ಟುತ್ತಿರಲಿಲ್ಲ. "ಓಡಿದ ಗಾಡಿಯ ಮೈಯಲ್ಲಿ ಕರೆಂಟ್ ಉಂಟು ಮಾರಾಯ, ಅದನ್ನು ಮೊದಲು ಮಣ್ಣಿಗೆ ಬಿಡಬೇಕು," ಎಂದು ನನಗೆ ಹೇಳಿದ್ದರು.

ತೊಂಬತ್ತರ ದಶಕದ ಒಂದು ಬೇಸಗೆಯಲ್ಲಿ, ಕಾಸರಗೋಡಿನ ಹೊರಗಿನ ಬಂಕೊಂದರಲ್ಲಿ ಆ ವಯರು ತುಂಡಾಗಿತ್ತು. ವಾಹನಗಳು ಸಾಲುಗಟ್ಟಿದ್ದವು, ಮ್ಯಾನೇಜರ್ ಅವಸರ ಮಾಡಿದರು. ಭಾವ ಮನಸ್ಸಿಲ್ಲದೆ ಒಪ್ಪಿಕೊಂಡರು. ಪೈಪು ಜೋಡಿಸುವಾಗ ಕಿಡಿ ಹಾರಿ ಬೆಂಕಿ ಹತ್ತಿತು.

ಆಸ್ಪತ್ರೆಯಲ್ಲಿ ಅವರ ಗುರುತು ಸಿಕ್ಕಿದ್ದು ಸ್ವರದಿಂದ ಮಾತ್ರ. "ವಯರ್ ಕಟ್ಟಲಿಲ್ಲ, ಅಷ್ಟೇ. ಬೇರೆ ಎಂತದ್ದೂ ಅಲ್ಲ," ಎಂದರು. ಮರುದಿನ ತೀರಿಕೊಂಡರು.

ಊರಲ್ಲಿ ಮಾತ್ರ ಅವರು ಟ್ಯಾಂಕರಿನ ಪಕ್ಕ ಬೀಡಿ ಸೇದಿದರೆಂದೇ ಸುದ್ದಿಯಾಯಿತು. ಬಂಕಿನವರೂ ಅದನ್ನೇ ಹೇಳಿದರು. ಕಣ್ಣಿಗೆ ಕಾಣದ ಕರೆಂಟಿಗಿಂತ ಬೀಡಿಯನ್ನು ನಂಬುವುದು ಎಲ್ಲರಿಗೂ ಸುಲಭವಾಗಿತ್ತು. ಸಾವಿನ ಮನೆಗೆ ಬಂದವರೊಬ್ಬರು ಅಕ್ಕನೆದುರೇ, "ಆ ಬೀಡಿಯೊಂದು ಬಿಡಬಹುದಿತ್ತು, ಪಾಪ," ಎಂದರು.

ಅಕ್ಕ ಅಳು ನಿಲ್ಲಿಸಿ ತಲೆಯೆತ್ತಿದಳು. "ಅವರಿಗೆ ಬೀಡಿಯ ವಾಸನೆಯೇ ಆಗುತ್ತಿರಲಿಲ್ಲ."

ಮುಂದೆ ಎಷ್ಟೋ ವರ್ಷ, ಬಸ್ಸಿನಲ್ಲಿ ಪಕ್ಕ ಕುಳಿತ ಅಪರಿಚಿತರಿಗೂ ಅವಳು ಅದನ್ನೇ ಹೇಳುತ್ತಿದ್ದಳು.