ನಲವತ್ತಮೂರನೆಯ ಹಾಳೆ

ಹಾಳೆಯ ಕೆಳಗಿನ ಎಡಮೂಲೆಯಲ್ಲಿ, ಅಂಚಿನಿಂದ ಐದು ಮಿಲಿಮೀಟರ್ ಒಳಗೆ, ಪೆನ್ಸಿಲಿನಲ್ಲಿ 43 ಎಂದು ಬರೆದಿದ್ದೆ. ಒತ್ತದೆ ಬರೆದ ಅಂಕಿ. ಬೇಡವೆನಿಸಿದರೆ ಮುಂದೆ ಯಾರಾದರೂ ಕಾಗದಕ್ಕೆ ಪೆಟ್ಟಾಗದಂತೆ ಅಳಿಸಬಹುದು.

ಇದು ಮೂರು ವರ್ಷದ ಹಿಂದಿನ ಮಾತು. ನಾನು ಪೇಪರ್ ಕನ್ಸರ್ವೇಟರ್. ಅಂದರೆ ಹಳೆಯ ಕಾಗದ, ಪುಸ್ತಕಗಳನ್ನು ಕೆಡದಂತೆ ಉಳಿಸುವುದು ನನ್ನ ಕೆಲಸ. ಓದು ಮುಗಿಸಿ, ಜಯನಗರದ ಒಂದು ಕಟ್ಟಡದ ಎರಡನೆಯ ಮಹಡಿಯಲ್ಲಿ ಸ್ವಂತ ಕೋಣೆ ಮಾಡಿಕೊಂಡು ಎಂಟು ತಿಂಗಳಾಗಿತ್ತು. ಉತ್ತರಕ್ಕೆ ಕಿಟಕಿ, ತೇವ ಹಿಡಿಯದ ಗೋಡೆ. ಇವೆರಡೂ ಇರುವ ಕೋಣೆ ಸಿಗಲು ಅರ್ಧ ವರ್ಷ ಅಲೆದಿದ್ದೆ.

ಕಟ್ಟಡದ ಮಾಲೀಕರ ಅಕ್ಕನ ಗಂಡ ಚಂದ್ರಣ್ಣ. ಎರಡು ರಸ್ತೆ ಆಚೆ ಅವರ ತಂದೆ ಕಟ್ಟಿದ ಹೋಟೆಲ್ ಮತ್ತು ಲಾಡ್ಜ್ ಇದೆ. ಬಡಾವಣೆ ಬರುವ ಮುಂಚೆ ಅದು ಅವರದೇ ರಾಗಿ ಹೊಲ. ನಗರದ ಹಳೆಯ ಹೋಟೆಲುಗಳ ಬಗ್ಗೆ ಒಂದು ಪ್ರದರ್ಶನ ಏರ್ಪಾಡಾಗಿತ್ತು. ಅಲ್ಲಿಗೆ ತಮ್ಮ ಹೋಟೆಲಿನ ವಿಸಿಟರ್ಸ್ ಬುಕ್ ಕಳಿಸಲು ಚಂದ್ರಣ್ಣನವರಿಗೆ ಅದರ ಕಂಡೀಷನ್ ರಿಪೋರ್ಟ್ ಬೇಕಿತ್ತು. ಎಷ್ಟು ಹಾಳೆ, ಯಾವುದು ಹರಿದಿದೆ, ಏನು ಬಿಟ್ಟುಹೋಗಿದೆ ಎಂದು ನೋಡಿ, ಬರೆದು, ಸಹಿ ಹಾಕುವ ವರದಿ ಅದು.

ಪುಸ್ತಕವನ್ನು ಅವರು ಬಟ್ಟೆ ಅಂಗಡಿಯ ಕೈಚೀಲದಲ್ಲಿ ತಂದರು.

“ಇದ್ರಲ್ಲಿ ಯಾರ್ ಯಾರ್ ಸಹಿ ಐತೆ ಗೊತ್ತಾ ಮೇಡಂ? ನಿಮ್ ವಯಸ್ಸಿಗೆ ಅರ್ಧ ಜನ ಗೊತ್ತಿರಲ್ಲ ಬಿಡಿ” ಎಂದರು. ಆಮೇಲೆ, “ನೀವು ಯಾವ್ ಕಡೆಯೋರು?”

“ಕತ್ರಿಗುಪ್ಪೆ.”

“ಅದಲ್ಲ ನಾನ್ ಕೇಳಿದ್ದು.”

“ಗೊತ್ತು ಸಾರ್.”

ಅಂದಿನಿಂದಲೇ ನಮಗೆ ಸರಿಬರಲಿಲ್ಲ.

ಪುಸ್ತಕದಲ್ಲಿ ತೊಂಬತ್ತಾರು ಹಾಳೆಗಳಿದ್ದವು. ಎಲ್ಲಕ್ಕೂ ಅಂಕಿ ಹಾಕಿ ಫೋಟೋ ತೆಗೆದೆ. ಗಾಯಕರು, ಮಂತ್ರಿಗಳು, ಕುಸ್ತಿ ಪೈಲ್ವಾನರು; ಬಹುಪಾಲು ಬರಹ ದೋಸೆಯ ಹೊಗಳಿಕೆ. ನಲವತ್ತಮೂರನೆಯ ಹಾಳೆಯಲ್ಲಿ ಬರೆದಿದ್ದವರು ತಂಡದೊಂದಿಗೆ ಬಂದಿಳಿದಿದ್ದ ಹೆಸರಾಂತ ರಂಗನಟಿ. “ಊಟ ಚೆನ್ನಾಗಿತ್ತು. ನಮ್ಮ ಹಾರ್ಮೋನಿಯಂನವರನ್ನು ಜಾತಿ ಕೇಳಿ ಹಿಂದಿನ ಜಗಲಿಗೆ ಕಳಿಸಿದಿರಿ. ನಾವು ಒಂಬತ್ತು ಜನವೂ ಅಲ್ಲಿಯೇ ಕೂತು ಉಂಡೆವು. ಇನ್ನು ಬರುವುದಿಲ್ಲ.” ಕೆಳಗೆ ಪೂರ್ತಿ ಹೆಸರು. ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ.

ನನ್ನ ಕರಡು ವರದಿ ತಲುಪಿದ ದಿನವೇ ಚಂದ್ರಣ್ಣ ಮೆಟ್ಟಿಲು ಹತ್ತಿ ಬಂದರು.

“ಆ ಹಾಳೆ ತೆಗೆದ್ಬಿಡಿ.”

“ಹಾಳೆ ತೆಗೆಯೋ ಕೆಲಸ ನಾನು ಮಾಡಲ್ಲ ಸಾರ್.”

“ಬಂದೋರು ದೋಸೆ ಚೆನ್ನಾಗೈತೆ ಅನ್ನೋದ್ ಓದ್ತಾರಾ? ಇದನ್ನೇ ಫೋಟೋ ಹೊಡ್ದು ವಾಟ್ಸಾಪಿಗೆ ಹಾಕ್ತಾರೆ. ಬೈಸ್ಕೊಳೋದ್ಯಾರು? ನಮ್ಮಪ್ಪ. ಸತ್ತು ಇಪ್ಪತ್ ವರ್ಷ ಆಯ್ತು, ಎದ್ ಬಂದು ಉತ್ತರ ಕೊಡ್ತಾರಾ?”

ಅವರ ಭಯ ಸುಳ್ಳಾಗಿರಲಿಲ್ಲ. ನ್ಯಾಯ ಹೇಳಿದರೆ ಕೇಳುವವರಲ್ಲ ಎಂದುಕೊಂಡು ನಾನು ಹೊಲಿಗೆಯ ಕಟ್ಟನ್ನು ವಿವರಿಸಿದೆ. ಅಂಥ ಪುಸ್ತಕದಲ್ಲಿ ಹಾಳೆಗಳು ಬಿಡಿಬಿಡಿಯಾಗಿರುವುದಿಲ್ಲ. ಒಂದು ದೊಡ್ಡ ಕಾಗದವನ್ನು ನಡುವೆ ಮಡಿಸಿದರೆ ಎರಡು ಹಾಳೆ. ಅಂಥ ನಾಲ್ಕು ಕಾಗದ ಒಂದರೊಳಗೊಂದು ಸೇರಿಸಿ, ಮಡಿಕೆಯಲ್ಲಿ ಹೊಲಿದರೆ ಎಂಟು ಹಾಳೆಯ ಒಂದು ಕಂತೆ. ನಲವತ್ತಮೂರೂ ನಲವತ್ತಾರೂ ಒಂದೇ ಕಾಗದದ ಎರಡು ಅರ್ಧ. ಒಂದನ್ನು ಬುಡಕ್ಕೆ ಕತ್ತರಿಸಿದರೆ ಇನ್ನೊಂದಕ್ಕೆ ಹಿಡಿತ ತಪ್ಪುತ್ತದೆ. ನಲವತ್ತಾರರಲ್ಲಿ ಇದ್ದದ್ದು ಚಿತ್ರನಟರೊಬ್ಬರ ಸಹಿ. ಅದರ ದೊಡ್ಡ ಫೋಟೋಗೆ ಚೌಕಟ್ಟು ಹಾಕಿಸಿ ಕ್ಯಾಷ್ ಕೌಂಟರಿನ ಹಿಂದೆ ತೂಗುಹಾಕಿದ್ದರು.

ಚಂದ್ರಣ್ಣ ನಾನು ಮಡಿಸಿ ತೋರಿಸಿದ ಖಾಲಿ ಕಾಗದವನ್ನು ತಿರುಗಿಸಿ ನೋಡಿದರು.

“ಪೂರ್ತಿ ಬುಡಕ್ಕೆ ಕುಯ್ದ್ರೆ ತಾನೇ ಉದುರೋದು?”

“ಹೌದು. ಅರ್ಧ ಇಂಚು ಉಳಿದ್ರೆ ಹೊಲಿಗೆ ಹಿಡ್ಕೊಂಡಿರುತ್ತೆ.”

ಕೇಳಿದ್ದಕ್ಕೆ ಸರಿಯಾದ ಉತ್ತರ ಕೊಡುವುದು ನನಗೆ ಅಭ್ಯಾಸ.

“ಮನೇಲಿ ಒಂದ್ಸಲ ತೋರ್ಸಿ ತರ್ತೀನಿ” ಎಂದು ಪುಸ್ತಕ ಎತ್ತಿಕೊಂಡರು. ಅವರ ಪುಸ್ತಕ, ನಾನು ತಡೆಯುವಂತಿರಲಿಲ್ಲ.

ಎರಡು ದಿನದ ಮೇಲೆ ಮಧ್ಯಾಹ್ನ ಮರಳಿ ತಂದರು. ಅವರೆದುರೇ ಎಣಿಸಿದೆ. ತೊಂಬತ್ತೈದು. ನಲವತ್ತಮೂರರ ಜಾಗದಲ್ಲಿ ಹನ್ನೆರಡು ಮಿಲಿಮೀಟರ್ ಅಗಲದ ಪಟ್ಟಿ ಉಳಿದಿತ್ತು. ಸ್ಕೇಲ್ ಇಟ್ಟು, ಹೊಸ ಬ್ಲೇಡಿನಲ್ಲಿ, ಒಂದೇ ಎಳೆತಕ್ಕೆ ಕುಯ್ದಿದ್ದರು. ನಲವತ್ತಾರು ಅಲುಗಾಡಿರಲಿಲ್ಲ.

“ಹಾಳೆ ಎಲ್ಲಿ ಸಾರ್?”

ಅಂಗಿಯ ಜೇಬು ತಟ್ಟಿಕೊಂಡರು. “ಇಲ್ಲೈತೆ. ಬರೆದಿರೋ ಕಾಗದ ಅಂದ್ರೆ ಸರಸ್ವತಿ, ಸುಡಬಾರ್ದು. ಅಷ್ಟು ನಮಗೂ ಗೊತ್ತು.”

“ಕೊಡಿ. ಪಟ್ಟಿ ಉಳಿದಿದೆಯಲ್ಲ, ತೆಳು ಕಾಗದ ಅಂಟಿಸಿ ಸೇರಿಸ್ತೀನಿ.”

“ಸೇರ್ಸೋಕಾ ನಾನು ಕುಯ್ದಿದ್ದು? ಬರ್ಕೊಳಿ. ತೊಂಬತ್ತೈದು ಹಾಳೆ, ಏನೂ ಹೋಗಿಲ್ಲ. ಹಳೇ ರಿಪೋರ್ಟು, ಫೋಟೋ ಎಲ್ಲ ಡಿಲೀಟ್ ಮಾಡಿ.”

“ಆಗಲ್ಲ.”

“ಆಗಲ್ವಾ? ಈ ರೂಮು ನಮ್ ಭಾವಮೈದಂದು, ನೆನಪೈತಾ? ನಾಳೆ ಹತ್ತು ಗಂಟೆಗೆ ನಾನ್ ಹೇಳ್ದಂಗೆ ರಿಪೋರ್ಟ್ ಬರ್ಲಿಲ್ಲ ಅಂದ್ರೆ ಬೇರೆ ಕಡೆ ನೋಡ್ಕೊಳಿ.” ಬಾಗಿಲಲ್ಲಿ ನಿಂತು ತಿರುಗಿದರು. “ಎಷ್ಟ್ ಬಿಟ್ಟು ಕುಯ್ಬೇಕು ಅಂತ ಹೇಳ್ಕೊಟ್ಟೋರು ನೀವೇ. ಅದನ್ನೂ ಬರೀತೀರಾ ರಿಪೋರ್ಟಲ್ಲಿ?”

ಅವರು ಹೋದ ಮೇಲೆ ಅವರ ಮೇಲಿನ ಸಿಟ್ಟಿಗಿಂತ ನನ್ನ ಮೇಲಿನ ಸಿಟ್ಟೇ ಹೆಚ್ಚಾಯಿತು. ಆ ಹಾಳೆ ಏಕೆ ಇರಬೇಕು ಎಂದು ನಾನು ಒಂದು ಮಾತೂ ಆಡಿರಲಿಲ್ಲ. ಅವರಿಗೆ ಹೆಮ್ಮೆಯಿದ್ದ ಸಹಿಯನ್ನು ಅಡ್ಡ ಇಟ್ಟು ಜಾಣತನದಿಂದ ಗೆಲ್ಲಲು ಹೋಗಿದ್ದೆ. ಅವರು ನನಗಿಂತ ಗಮನವಿಟ್ಟು ಕೇಳಿಸಿಕೊಂಡಿದ್ದರು. ಈ ವೃತ್ತಿ ನನಗೆ ಕಲಿಸಿದ್ದರಲ್ಲಿ ಇದೇ ದೊಡ್ಡದು: ಮಾಡಬಾರದ್ದನ್ನು ಮಾಡಿ ಎಂದು ಕೇಳಿದವರಿಗೆ ತಾಂತ್ರಿಕ ಕಾರಣ ಕೊಡಬಾರದು. ಆ ಕಾರಣಕ್ಕೆ ಪರಿಹಾರ ಇದ್ದೇ ಇರುತ್ತದೆ.

ಮರುದಿನ ಬೆಳಿಗ್ಗೆ ಏಳಕ್ಕೆ ಕೋಣೆಗೆ ಬಂದು ವರದಿ ಬರೆದೆ. ಹಾಳೆಗಳು ತೊಂಬತ್ತೈದು. ನಲವತ್ತಮೂರನೆಯದನ್ನು ಇತ್ತೀಚೆಗೆ ಬ್ಲೇಡಿನಿಂದ ಕತ್ತರಿಸಲಾಗಿದೆ; ಬುಡದಲ್ಲಿ ಹನ್ನೆರಡು ಮಿಲಿಮೀಟರ್ ಉಳಿದಿದೆ. ಕತ್ತರಿಸುವ ಮುಂಚಿನ ಫೋಟೋ ಲಗತ್ತಿಸಿದೆ. ಎಷ್ಟು ಬಿಟ್ಟರೆ ಹೊಲಿಗೆ ನಿಲ್ಲುತ್ತದೆ ಎಂಬುದನ್ನು ಪುಸ್ತಕದ ಮಾಲೀಕರಿಗೆ ತಿಳಿಸಿದವಳು ಈ ವರದಿಗೆ ಸಹಿ ಮಾಡಿರುವವಳೇ. ಸಹಿ ಮಾಡಿ, ಪುಸ್ತಕದೊಂದಿಗೆ ಹೋಟೆಲಿಗೆ ಒಯ್ದು ಚಂದ್ರಣ್ಣನವರ ಕೈಗೆ ಕೊಟ್ಟೆ. ಅವರು ಕೊನೆಯ ಸಾಲಿನವರೆಗೂ ನಿಂತೇ ಓದಿದರು. ನಾನು ಕೋಣೆಗೆ ವಾಪಸು ಬಂದು, ಪುಸ್ತಕ ಒತ್ತಿಡುವ ನನ್ನ ಪ್ರೆಸ್ಸನ್ನು ಮೇಜಿಗೆ ಬಿಗಿದಿದ್ದ ನಾಲ್ಕು ಬೋಲ್ಟುಗಳನ್ನು ಒಂದೊಂದಾಗಿ ಸಡಿಲಿಸಿದೆ.