ಅನಸೂಯಮ್ಮ ಉಜ್ಜಿ ತೆಗೆದ ನಂಬರುಗಳು

ಬ್ಯಾಂಕಿನವರ ಮನೆಯ ಸಾಮಾನನ್ನು ಎದುರಿಗೆ ನಿಂತು ನೋಡಿದರೆ ಏನೂ ತಿಳಿಯುವುದಿಲ್ಲ. ಬಗ್ಗಿ ಅಡಿಯಿಂದ ನೋಡಬೇಕು. ಅನಸೂಯಮ್ಮನ ಮನೆಯ ಮಂಚ, ಮೇಜು, ಕುರ್ಚಿ, ಕಪಾಟು ಎಲ್ಲದರ ಅಡಿಯಲ್ಲೂ ಕಪ್ಪು ಬಣ್ಣದ ನಂಬರುಗಳಿದ್ದವು. ಗಂಡ ಗುರುದತ್ತನಿಗೆ ವರ್ಗವಾದಾಗಲೆಲ್ಲ ಲಾರಿಯವರು ಬಂದು, ಸಾಮಾನು ಬಿಚ್ಚಿ, ಒಂದೊಂದು ತುಂಡಿಗೂ ನಂಬರು ಬರೆದು, ಗೋಣಿತಾಟು ಸುತ್ತಿ ಏರಿಸುತ್ತಿದ್ದರು. ಅನಂತಪುರದ ನಂಬರಿನ ಪಕ್ಕದಲ್ಲಿ ಕರ್ನೂಲಿನದು, ಅದರ ಮೇಲೆ ಗುಂಟೂರಿನದು, ಓರೆಯಾಗಿ ಶ್ರೀಕಾಕುಳದ್ದು. ತಿಪಟೂರಿನ ಹುಡುಗಿಯೊಬ್ಬಳು ಮದುವೆಯಾಗಿ ಬಂದು ಆಂಧ್ರವನ್ನೆಲ್ಲ ಸುತ್ತಿದ್ದಕ್ಕೆ ಆ ಊಟದ ಮೇಜಿನ ಅಡಿಭಾಗವೇ ಸಾಕ್ಷಿ.

ಆ ಬದುಕಿಗೆ ಅದರದೇ ಕಟ್ಟಳೆಗಳಿದ್ದವು. ಬಾಡಿಗೆ ಮನೆಯ ಗೋಡೆಗೆ ಮೊಳೆ ಹೊಡೆಯಬಾರದು. ಕುಂಡದಲ್ಲಿ ತುಳಸಿ ಬಿಟ್ಟು ಬೇರೇನೂ ಬೆಳೆಸಬಾರದು. ಅಕ್ಕಪಕ್ಕದವರ ಜೊತೆ ಚೆನ್ನಾಗಿರಬೇಕು, ಆದರೆ ಬಿಟ್ಟು ಹೋಗುವಾಗ ಅಳು ಬರುವಷ್ಟು ಚೆನ್ನಾಗಿರಬಾರದು. ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ, ಅನಸೂಯಮ್ಮ ಮೊದಮೊದಲ ಊರುಗಳಲ್ಲಿ ಅತ್ತು ಕಲಿತದ್ದು. ಆಮೇಲಾಮೇಲೆ ಲಾರಿ ಇಳಿದ ವಾರದೊಳಗೆ ಹಾಲಿನವನು, ಹೂವಿನವಳು, ಮಗಳಿಗೆ ಸ್ಕೂಲಿನ ಆಟೊ ಎಲ್ಲ ಗೊತ್ತುಮಾಡಿ, ಹತ್ತು ವರ್ಷದಿಂದ ಅಲ್ಲೇ ಇದ್ದವಳ ಹಾಗೆ ಇದ್ದುಬಿಡುತ್ತಿದ್ದಳು. "ನಮ್ಮ ಅನಸೂಯಾನ ಎಲ್ಲಿ ಬಿಟ್ರೂ ಹೊಂದಿಕೊಳ್ತಾಳೆ" ಎಂದು ಗುರುದತ್ತ ನೆಂಟರಿಷ್ಟರ ಮುಂದೆ ಹೇಳುತ್ತಿದ್ದ. ಅದನ್ನು ಹೊಗಳಿಕೆ ಅಂದುಕೊಂಡಿದ್ದಳು, ಪಾಪ.

ಕೊನೆಯ ವರ್ಗ ವಿಶಾಖಪಟ್ಟಣಕ್ಕೆ. ಗುರುದತ್ತ ಅಲ್ಲೇ ನಿವೃತ್ತನಾದ. ಮಧುರವಾಡದಲ್ಲಿ ಅವನ ಹೆಸರಿಗೆ ಒಂದು ಫ್ಲ್ಯಾಟು ಕೊಂಡದ್ದೂ ಆಯಿತು. ಪಾತ್ರೆ ತೊಳೆಯುವ ಬಾಲ್ಕನಿಯಲ್ಲಿ ನಿಂತರೆ ಎದುರು ಕಟ್ಟಡದ ಎರಡು ನೀರಿನ ಟ್ಯಾಂಕುಗಳ ನಡುವೆ ಅಂಗೈಯಗಲ ಸಮುದ್ರ ಕಾಣುತ್ತಿತ್ತು. ಗೃಹಪ್ರವೇಶದ ಮಾರನೆಯ ದಿನ ಅನಸೂಯಮ್ಮ ಮಾಡಿದ ಮೊದಲ ಕೆಲಸ, ಸುತ್ತಿಗೆ ತೆಗೆದುಕೊಂಡು ಗೋಡೆಗೆ ಒಂದು ಮೊಳೆ ಹೊಡೆದದ್ದು. ನೇತುಹಾಕಲು ಕೈಯಲ್ಲಿ ಏನೂ ಇರಲಿಲ್ಲ. ಸುಮ್ಮನೆ ಹೊಡೆದಳು. ಆಮೇಲೆ ಕ್ಯಾಲೆಂಡರು ಹುಡುಕಿ ತಂದು ಹಾಕಿದಳು.

ಎದುರು ಮನೆಯ ಹೈಮಾವತಿಯ ಗಂಡ ಬೆಳಗಾಗುತ್ತಲೇ ಕಂಪನಿ ಬಸ್ಸು ಹತ್ತಿ ಪರವಾಡಕ್ಕೆ ಹೋದರೆ ಬರುವುದು ಸಂಜೆಗೆ. ಹಾಗಾಗಿ ಇಬ್ಬರು ಹೆಂಗಸರ ಮಧ್ಯಾಹ್ನಗಳೂ ಒಂದಾದವು. ಹೈಮಾವತಿಯ ಹತ್ತಿರ ಕರೆಂಟಿನ ಓವನ್ ಇತ್ತು. ಅನಸೂಯಮ್ಮನದು ಹಳೆಯ ಕುಕ್ಕರು: ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ಟು ವಿಷಲ್ಲು ತೆಗೆದು, ಮಂದ ಉರಿಯಲ್ಲಿ ಕೇಕು ಬೇಯಿಸುವ ವಿದ್ಯೆ. ಯಾರ ಕೇಕು ಹೆಚ್ಚು ಉಬ್ಬಿತು ಎಂದು ಜಗಳವಾಡಿಕೊಂಡು ಎರಡನ್ನೂ ತಿಂದು ಮುಗಿಸುತ್ತಿದ್ದರು. ಭಾನುವಾರ ಎರಡೂ ಮನೆಯವರು ಭೀಮುನಿಪಟ್ಟಣದ ಕಡೆ ಹೋಗಿ, ಮೀನಿನ ದೋಣಿಗಳು ದಡಕ್ಕೆ ಬರುವುದನ್ನು ನೋಡುತ್ತ ಉಳಿದ ಕೇಕಿನ ಚೂರು ತಿನ್ನುವುದೂ ಇತ್ತು. ಕಟ್ಟಳೆ ಮೀರಿ ಸ್ನೇಹ ಬೆಳೆಯಿತು. ಬೆಳೆಯಲಿ, ಇನ್ನು ಬಿಟ್ಟು ಹೋಗುವುದೆಲ್ಲಿದೆ ಎಂದುಕೊಂಡಳು.

ಆದರೂ ಸಾಮಾನಿನ ನಂಬರು ಅಳಿಸುವುದಕ್ಕೆ ಅವಳಿಗೆ ವರ್ಷಗಟ್ಟಲೆ ಧೈರ್ಯ ಬಂದಿರಲಿಲ್ಲ. ಕಳೆದ ದೀಪಾವಳಿ ಮುಗಿದ ಮೇಲೆ ಒಂದು ದಿನ, ಗಂಡ ಪೇಪರು ಓದುತ್ತಿದ್ದಾಗ ಕೇಳಿಯೇ ಬಿಟ್ಟಳು.

"ರೀ, ಈ ನಂಬರೆಲ್ಲ ಉಜ್ಜಿ ತೆಗೆದುಬಿಡ್ಲಾ? ಇನ್ನು ಬೇಕಾಗಲ್ಲ ಅಲ್ವಾ?"

ಗುರುದತ್ತ ತಲೆ ಎತ್ತಿದ. "ತೆಗಿ, ತೆಗಿ. ಇನ್ಯಾತಕ್ಕೆ ಅದು" ಎಂದ. ಅವಳ ಮುಖವನ್ನೇ ನೋಡಿಕೊಂಡು ಹೇಳಿದ.

ಅಷ್ಟು ಸಾಕಾಯಿತು. ಉಪ್ಪುಕಾಗದ, ವಾರ್ನಿಶು, ಹಳೆಯ ಬನಿಯನ್ನು ಎಲ್ಲ ಒಟ್ಟುಮಾಡಿಕೊಂಡು ಸೊಂಟಕ್ಕೆ ಸೆರಗು ಸಿಕ್ಕಿಸಿ ಕೂತಳು. ಅವಳದು ಎಡಗೈ. ಎಡಗೈಯಲ್ಲಿ ಉಜ್ಜಿ ಉಜ್ಜಿ ತೋಳು ಬಾತುಕೊಂಡಿತು. ಶ್ರೀಕಾಕುಳ ಹೋಯಿತು, ಗುಂಟೂರು ಹೋಯಿತು. ಅನಂತಪುರದ ಬಡಗಿ ಎಣ್ಣೆ ಕುಡಿಸಿದ್ದ ತೇಗದ ಬಣ್ಣ ಅಡಿಯಿಂದ ಮತ್ತೆ ಎದ್ದು ಬಂತು. ಕುರ್ಚಿಗಳಿಗೆ ಹೊಸ ವೈರು ಹೆಣೆಸಿದಳು, ಹಳೆಯ ರೇಷ್ಮೆ ಸೀರೆಯ ಅಂಚು ಕತ್ತರಿಸಿ ದಿಂಬಿಗೆ ಕವರು ಹೊಲಿದಳು. ಕೊನೆಗೆ ಊಟದ ಮೇಜು. ಅದರ ಕೆಳಗೆ ಚಾಪೆ ಹಾಸಿ ಅಂಗಾತ ಮಲಗಿ ಉಜ್ಜುತ್ತಿದ್ದಾಗ ಗುರುದತ್ತ ಬಗ್ಗಿ ನೋಡಿದ. "ಕಾಫಿ ಮಾಡಿದೀನಿ, ಎದ್ದು ಬಾ" ಎಂದ. ಎಂದೂ ಅಡುಗೆಮನೆಯ ಹೊಸಲು ದಾಟದವನು ತಾನೇ ಕಾಫಿ ಬೆರೆಸಿ ತಂದಿದ್ದ. ನಿವೃತ್ತಿಯಾದ ಮೇಲೆ ಮನುಷ್ಯ ಎಷ್ಟು ಮೆತ್ತಗಾಗಿದ್ದಾನೆ ಎಂದು ಅವಳಿಗೆ ಕಣ್ಣು ತುಂಬಿ ಬಂತು. ಸಂಜೆ ಹೈಮಾವತಿಗೂ ಹೇಳಿಕೊಂಡಳು.

ಸಂಕ್ರಾಂತಿಯ ಹೊತ್ತಿಗೆ ಮನೆ ಕನ್ನಡಿಯ ಹಾಗೆ ಹೊಳೆಯುತ್ತಿತ್ತು. "ಹಳೇ ಬ್ರ್ಯಾಂಚಿನ ಜಗನ್ಮೋಹನ್, ಅವನ ಹೆಂಡತಿ ಬರ್ತಾರೆ. ನಿನ್ನ ಕೇಕು ಮಾಡು" ಎಂದ ಗುರುದತ್ತ. ಅವರು ಬಂದರು. ಅನಸೂಯಮ್ಮ ಕೇಕು ಕೊಟ್ಟಳು, ಆ ಹೆಂಗಸಿಗೆ ತಾನೇ ಮನೆಯೆಲ್ಲ ಸುತ್ತಾಡಿಸಿ ತೋರಿಸಿದಳು. ಗಾಳಿ ಯಾವ ಕಿಟಕಿಯಿಂದ ಬರುತ್ತದೆ, ಮಳೆಗಾಲದಲ್ಲಿ ಯಾವ ಮೂಲೆ ಒದ್ದೆಯಾಗುತ್ತದೆ, ಸಮುದ್ರ ಕಾಣಬೇಕಾದರೆ ಎಲ್ಲಿ ನಿಲ್ಲಬೇಕು, ಒಂದನ್ನೂ ಬಚ್ಚಿಡಲಿಲ್ಲ. ಆ ಹೆಂಗಸು ಗೇಣಿನಲ್ಲಿ ಕಿಟಕಿಯ ಅಗಲ ಅಳೆದಾಗ, ಅವರ ಮನೆಗೂ ಪರದೆ ಹೊಲಿಸಬೇಕೇನೋ ಎಂದುಕೊಂಡಳು. ಹೊರಡುವಾಗ ಅರಿಶಿನ ಕುಂಕುಮ, ರವಿಕೆ ಕಣ ಕೊಟ್ಟು, ಆಗಾಗ ಬರುತ್ತಿರಿ ಎಂದು ಲಿಫ್ಟಿನವರೆಗೂ ಹೋಗಿ ಕಳಿಸಿದಳು.

ಮುಂದಿನ ತಿಂಗಳು ವಿಜಯವಾಡದಲ್ಲಿ ಮೊಮ್ಮಗಳು ಸಹನಾಳ ಹುಟ್ಟುಹಬ್ಬ. ಮಗಳು ಹರಿಣಿ, ಅಳಿಯ ಸಾಯಿತೇಜ ಇದ್ದದ್ದು ಭವಾನಿಪುರಂನಲ್ಲಿ, ಭ್ರಮರಾಂಬ ಎಂಬಾಕೆಯ ಕಟ್ಟಡದ ಮಹಡಿ ಮನೆಯಲ್ಲಿ. ಅನಸೂಯಮ್ಮ ಸ್ಟೀಲಿನ ಡಬ್ಬಿಯಲ್ಲಿ ಕೇಕು ಇಟ್ಟುಕೊಂಡು ರೈಲಿನಲ್ಲಿ ತೊಡೆಯ ಮೇಲಿಂದ ಇಳಿಸದೆ ತಂದಳು. ಬೆಳಿಗ್ಗೆ ಎಲ್ಲರೂ ದೋಣಿಯಲ್ಲಿ ಭವಾನಿ ದ್ವೀಪಕ್ಕೆ ಹೋಗಿ ಬಂದರು. ಕೃಷ್ಣೆಯ ಗಾಳಿಗೆ ಮಗು ಕೇಕೆ ಹಾಕಿ ನಗುತ್ತಿತ್ತು, ಗುರುದತ್ತನೂ ಮಗುವಿನ ಹಾಗೆ ನಗುತ್ತಿದ್ದ. ಹಿಂತಿರುಗಿ ಬಂದಾಗ ಮಿಕ್ಕವರು ಮೆಟ್ಟಿಲು ಹತ್ತಿದರು. ಗೇಟಿನ ಹತ್ತಿರ ಭ್ರಮರಾಂಬ ಅನಸೂಯಮ್ಮನ ಕೈ ಹಿಡಿದಳು.

"ವದಿನಗಾರೂ, ಒಂದು ನಿಮಿಷ ಒಳಗೆ ಬಂದು ನೋಡಿ" ಎಂದು ಅತ್ತಿಗೆಯನ್ನು ಕರೆಯುವ ಹಾಗೆ ತೆಲುಗಿನಲ್ಲಿ ಹೇಳುತ್ತ ಕೆಳಗಿನ ಖಾಲಿ ಮನೆಯ ಬಾಗಿಲು ತೆಗೆದಳು. "ಸುಣ್ಣ ಬಣ್ಣ ಎಲ್ಲ ಆಯಿತು. ನಿಮಗೆ ಎಡಗೈ ರೂಢಿ ಅಂತ ಗುರುದತ್ತಗಾರು ದಸರೆಗೆ ಮುಂಚೆಯೇ ಫೋನು ಮಾಡಿ ಹೇಳಿದ್ದರಲ್ಲ, ಅದಕ್ಕೇ ಒಲೆಯ ಕಟ್ಟೆ ಈ ಕಡೆಗೆ ಹಾಕಿಸಿದ್ದೇನೆ. ಸರಿ ಹೋಯಿತಾ? ಯುಗಾದಿ ಹೊತ್ತಿಗೆ ಬಂದುಬಿಡುತ್ತೀರಲ್ಲ?"

ಅನಸೂಯಮ್ಮ ಆ ಕಟ್ಟೆಯ ಮೇಲೆ ಕೈಯಿಟ್ಟಳು. ಅವಳ ಎಡಗೈಗೆ ಅಳತೆ ತೆಗೆದು ಕಟ್ಟಿದ ಹಾಗಿತ್ತು. ದಸರೆಗೆ ಮುಂಚೆ. ತಾನು ನಂಬರು ಉಜ್ಜಲಾ ಎಂದು ಕೇಳಿದ್ದು ದೀಪಾವಳಿಯ ಮೇಲೆ. ಮೂವತ್ತೈದು ವರ್ಷ ಜೊತೆಗಿದ್ದ ಗಂಡನಿಗೆ ತನ್ನ ಯಾವ ಕೈ ಓಡುತ್ತದೆ ಎಂಬುದು ನೆನಪಿತ್ತು. ಮನೆಯೊಡತಿಗೆ ಹೇಳುವಷ್ಟು ನೆನಪಿತ್ತು. ತನಗೆ ಒಂದು ಮಾತು ಹೇಳಬೇಕು ಎನ್ನುವುದು ಮಾತ್ರ ನೆನಪಾಗಲಿಲ್ಲ. ಜಗನ್ಮೋಹನನ ಹೆಂಡತಿ ಕಿಟಕಿಗೆ ಗೇಣು ಹಾಕಿದ್ದು ಏಕೆ ಎಂಬುದೂ ಆ ಕ್ಷಣಕ್ಕೆ ತಿಳಿಯಿತು.

"ಚೆನ್ನಾಗಿದೆ" ಎಂದಳು. ಪರರ ಮನೆಯಲ್ಲಿ ಮುಖ ಗಂಟಿಕ್ಕುವ ಅಭ್ಯಾಸ ಅವಳಿಗಿರಲಿಲ್ಲ.

ಮೇಲೆ ಹೋಗಿ ಮಗು ಕೇಕು ಕತ್ತರಿಸುವವರೆಗೂ ತಾಳಿಕೊಂಡಳು. ಚಪ್ಪಾಳೆಯನ್ನೂ ತಟ್ಟಿದಳು. ಆಮೇಲೆ ಹರಿಣಿಯನ್ನು ಅಡುಗೆಮನೆಗೆ ಕರೆದಳು.

"ನಿಂಗೆ ಗೊತ್ತಿತ್ತೇನೇ?"

ಹರಿಣಿಗೆ ಯಾವುದು ಎಂದು ಕೇಳಬೇಕಾಗಿರಲಿಲ್ಲ. "ಅಮ್ಮಾ, ನಾನೇ ಹೇಳ್ತೀನಿ ಅಂದ್ರು ಅಪ್ಪ. ನಾನು ಡ್ಯೂಟಿಗೆ ಮತ್ತೆ ಜಾಯಿನ್ ಆಗ್ಬೇಕು, ಪಾಪನ ಯಾರ ಹತ್ರ ಬಿಡ್ಲಿ ಹೇಳು? ನೀನು ಬೇಡ ಅನ್ನಲ್ಲ ಅಂತ..."

"ಕೇಳಿದ್ರೆ ಬರ್ತಿದ್ದೆ ಕಣೇ" ಎಂದಳು ಅನಸೂಯಮ್ಮ. "ಅತ್ಕೊಂಡಾದ್ರೂ ಬರ್ತಿದ್ದೆ."

ತಟ್ಟೆ ಇಡಲು ಬಂದ ಸಾಯಿತೇಜನಿಗೆ ಮುಖ ಪೆಚ್ಚಾಯಿತು. "ಅತ್ತಯ್ಯಾ, ಮೀಕು ತೆಲುಸು ಅನುಕುನ್ನಾನು" ಎಂದ. ನಿಮಗೆ ಗೊತ್ತಿದೆ ಅಂದುಕೊಂಡಿದ್ದೆ ಎಂದು. ಅವನ ಮೇಲೆ ಅವಳಿಗೆ ಸಿಟ್ಟು ಬರಲಿಲ್ಲ. ತನಗೆ ಗೊತ್ತಿರುತ್ತದೆ ಎಂದು ಆ ಮನೆಯಲ್ಲಿ ಭಾವಿಸಿದವನು ಅವನೊಬ್ಬನೇ.

ಗಂಡನನ್ನು ಕೇಳಿದ್ದು ವಾಪಸು ಬರುವ ರೈಲಿನಲ್ಲಿ. ಗುರುದತ್ತ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಮಾತಾಡಿದ. ಬ್ಯಾಂಕಿನ ಕೌಂಟರಿನಲ್ಲಿ ಎಷ್ಟೋ ಜನರನ್ನು ಸಮಾಧಾನ ಮಾಡಿ ಕಳಿಸಿದ ನಾಲಗೆ ಅದು.

"ಮುಂಚೆ ಹೇಳಿದ್ರೆ ನೀನು ಅಷ್ಟು ದಿನಾನೂ ಬೇಜಾರು ಮಾಡ್ಕೋತಿದ್ದೆ. ಎಲ್ಲ ಗಟ್ಟಿ ಆಗ್ಲಿ, ಆಮೇಲೆ ಹೇಳೋಣ ಅಂದ್ಕೊಂಡೆ. ಎಲ್ಲಿಗೆ ಹೋದ್ರೂ ಹೊಂದಿಕೊಂಡವಳಲ್ವಾ ನೀನು. ನೋಡು, ಜಗನ್ಮೋಹನ್ ಅವ್ರು ಫ್ಲ್ಯಾಟು ತಗೊಳ್ಳೋಕೆ ಹಿಂದೆಮುಂದೆ ನೋಡ್ತಿದ್ರು. ನೀನು ಮನೆ ಇಟ್ಟಿರೋ ರೀತಿ ನೋಡಿ ಒಪ್ಪಿಬಿಟ್ರು."

ಅದನ್ನೂ ಹೊಗಳಿಕೆಯ ಹಾಗೆಯೇ ಹೇಳಿದ. ಅನಸೂಯಮ್ಮ ತಾನೇ ಹೊಳಪು ಕೊಟ್ಟು, ತಾನೇ ಕೇಕು ತಿನ್ನಿಸಿ, ತಾನೇ ಕೈಹಿಡಿದು ತೋರಿಸಿ ತನ್ನ ಮನೆಯನ್ನು ಮಾರಿದ್ದಾಗಿತ್ತು. ಆದರೆ ಅವಳು ಕೇಳಿದ್ದು ಮನೆಯ ಮಾತಲ್ಲ.

"ನಾನು ಮೇಜಿನ ಕೆಳಗೆ ಮಲಗಿ ನಂಬರು ಉಜ್ಜುವಾಗ ಕಾಫಿ ತಂದು ಕೊಟ್ರಲ್ಲ. ಆವಾಗ್ಲೂ ಗೊತ್ತಿತ್ತಲ್ವಾ ನಿಮಗೆ?"

ಗುರುದತ್ತ ಕಿಟಕಿಯ ಕಡೆ ತಿರುಗಿದ. ರಾಜಮಂಡ್ರಿಯ ಸೇತುವೆ ದಾಟುವವರೆಗೂ ತಿರುಗಿಯೇ ಇದ್ದ.

"ಕಾಫಿ ಚೆನ್ನಾಗಿತ್ತು" ಎಂದಳು ಅವಳು.

ಲಾರಿಯವರು ಬಂದ ದಿನ ಎಲ್ಲ ಎಂದಿನಂತೆ ನಡೆಯಿತು, ಅನಸೂಯಮ್ಮ ಒಬ್ಬಳನ್ನು ಬಿಟ್ಟು. ಅವಳು ಗೋಡೆಯ ಕ್ಯಾಲೆಂಡರು ತೆಗೆದು ಮೊಳೆಯನ್ನು ಹಾಗೇ ಬಿಟ್ಟು, ಒಂದು ಕುರ್ಚಿ ಎಳೆದುಕೊಂಡು ಕೂತಳು. ಮೇಜು ಬಿಚ್ಚಿದವನು ಕಪ್ಪು ಬಣ್ಣದ ಡಬ್ಬಿ ತೆಗೆದು, ಕಾಲುಗಳಿಗೆ ನಂಬರು ಹಾಕಲಾ ಎಂದು ಕೇಳಿದ.

"ಬೇಡ ಬೇಡ, ಪಾಲಿಷ್ ಹಾಳಾಗುತ್ತೆ" ಎಂದು ಗುರುದತ್ತ ತೆಲುಗಿನಲ್ಲಿ ತಡೆದ. "ಯಾವುದು ಎಲ್ಲಿಗೆ ಅಂತ ನಮ್ಮ ಮನೆಯವಳಿಗೆ ಎಲ್ಲ ಗೊತ್ತು."

ಅನಸೂಯಮ್ಮ ಕುರ್ಚಿಯಿಂದ ಎದ್ದು ಕೆಳಗಿಳಿದಳು. ಕೆಳಗೆ ಗೇಟಿನ ಹತ್ತಿರ ಹೈಮಾವತಿ ಅವಳನ್ನು ತಬ್ಬಿಕೊಂಡು ಅತ್ತಳು. ಅನಸೂಯಮ್ಮನೂ ಅತ್ತಳು, ಕಟ್ಟಳೆ ಮುರಿದದ್ದಕ್ಕೆ ದಂಡ ಕಟ್ಟುವಷ್ಟು ಅತ್ತಳು.

ಭವಾನಿಪುರಂನಲ್ಲಿ ಮೇಜು ಜೋಡಿಸಿದರು. ಅನಂತಪುರದ ಬಡಗಿ ಕೈಯಲ್ಲೇ ಕೆತ್ತಿದ ಮೇಜು ಅದು, ಒಂದೊಂದು ಕಾಲಿಗೂ ಅದರದೇ ಗೂಡು. ನೋಡಲು ನಾಲ್ಕೂ ಒಂದೇ. ಜೋಡಿಸಿ ನಿಲ್ಲಿಸಿದರೆ ಮೇಜು ಕುಂಟಿತು. ಬಿಚ್ಚಿ ಅದಲುಬದಲು ಮಾಡಿದರು. ಆಗಲೂ ಕುಂಟಿತು. ಆಳುಗಳಿಗೆ ಸಾಕಾಗಿ ಹೊರಟುಹೋದರು.

"ಅನಸೂಯಾ, ಯಾವ ಕಾಲು ಯಾವ ಕಡೆ ಸ್ವಲ್ಪ ಹೇಳೇ" ಎಂದ ಗುರುದತ್ತ.

"ನಂಬರು ಉಜ್ಜಿಬಿಟ್ಟಿದೀನಲ್ಲ. ನನಗೇನು ಗೊತ್ತು?"

ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಗಂಟಿರುವ ಕಾಲಿಗೆ ಸೀಳು ಬಿಟ್ಟ ಮೂಲೆ, ಅದರ ಎದುರಿಗೆ ಹರಿಣಿ ಹಲ್ಲು ಬರುವಾಗ ಕಚ್ಚಿದ ಗುರುತಿರುವುದು. ಕಣ್ಣು ಕಟ್ಟಿ ಬಿಟ್ಟರೂ ಎಡಗೈಯಲ್ಲಿ ತಡವಿ ಹೇಳುತ್ತಿದ್ದಳು. ಮೊಮ್ಮಗಳಿಗೆ ಅನ್ನ ತಿನ್ನಿಸಿದಳು, ಹೊಸ ಕಟ್ಟೆಯ ಮೇಲೆ ಕುಕ್ಕರು ಇಟ್ಟು ಕೇಕು ಬೇಯಿಸಿದಳು, ಹಾಲಿನವನನ್ನೂ ಹೂವಿನವಳನ್ನೂ ಗೊತ್ತುಮಾಡಿಕೊಂಡಳು. ಅವಳು ಹೊಂದಿಕೊಂಡಳು ಎಂದು ಎಲ್ಲರೂ ನೆಮ್ಮದಿಯಾದರು. ಮೇಜು ಮಾತ್ರ ಹೊಂದಿಕೊಳ್ಳಲಿಲ್ಲ.

ದಿನಾ ಬೆಳಿಗ್ಗೆ ಗುರುದತ್ತ ಅದರ ಮೇಲೆ ಮೊಣಕೈ ಊರಿದರೆ ಕಾಫಿ ತುಳುಕಿ ಪೇಪರಿನ ಮೇಲೆ ಚೆಲ್ಲುತ್ತದೆ. ಅನಸೂಯಮ್ಮ ಬಟ್ಟೆ ತಂದು ಒರೆಸುತ್ತಾಳೆ. ಒಂದು ದಿನ, ಒರೆಸುತ್ತಿದ್ದ ಅವಳ ಎಡಗೈಯನ್ನೇ ನೋಡುತ್ತ ಅವನು ಮೆಲ್ಲಗೆ ಕೇಳಿದ.

"ನಿಜವಾಗ್ಲೂ ಗೊತ್ತಿಲ್ವಾ ಅನಸೂಯಾ?"

"ಗೊತ್ತಿಲ್ಲ" ಎಂದಳು. ಅವನ ಮುಖವನ್ನೇ ನೋಡಿಕೊಂಡು ಹೇಳಿದಳು.

ಗುರುದತ್ತ ಒದ್ದೆಯಾದ ಪೇಪರನ್ನು ನಾಲ್ಕು ಮಡಿಕೆ ಮಾಡಿದ. ಮೊಣಕಾಲು ಹಿಡಿದುಕೊಂಡು ಬಗ್ಗಿ, ಮೇಜಿನ ಕೆಳಗೆ ತೂರಿದ.