ಷಡ್ಡಕ ತಂದ ಪ್ಲಾಟ್‌ಫಾರ್ಮ್

ಔಷಧಿ ಅಂಗಡಿಗಳಿಗೆ ಸರಕು ಒದಗಿಸುವ ಆ ಕಂಪನಿಯಲ್ಲಿ ಅವನನ್ನು ಎಲ್ಲರೂ ಆಪದ್ಬಾಂಧವ ಎಂದೇ ಕರೆಯುತ್ತಿದ್ದರು. ಅರ್ಧ ತಮಾಷೆ, ಅರ್ಧ ನಿಜ. ಅಂಗಡಿಗಳ ಆರ್ಡರು, ಗೋದಾಮಿನ ದಾಸ್ತಾನು, ಬಿಲ್ಲು ಎಲ್ಲವೂ ಓಡುತ್ತಿದ್ದದ್ದು ಅವನು ಕಟ್ಟಿದ ಸರ್ವರ್‌ಗಳ ಮೇಲೆ. ಒಂದೊಂದು ತಂತ್ರಾಂಶವನ್ನೂ ಅದಕ್ಕೆ ಬೇಕಾದ ಸಾಮಾನು ಸಮೇತ ಒಂದೊಂದು ಡಬ್ಬಿಗೆ ತುಂಬಿದ ಹಾಗೆ ಕಂಟೇನರ್ ಮಾಡಿಟ್ಟಿದ್ದ. ಯಾವ ಡಬ್ಬಿ ಯಾವ ಯಂತ್ರದ ಮೇಲೆ ಕೂರಬೇಕು, ಬಿದ್ದರೆ ಹೇಗೆ ಎಬ್ಬಿಸಬೇಕು ಎಂಬುದನ್ನೆಲ್ಲ ಬಿಟ್ಟಿ ಸಿಗುವ ತಂತ್ರಾಂಶಗಳನ್ನು ಅಲ್ಲಿಂದಿಲ್ಲಿಂದ ಹೆಕ್ಕಿ, ತೇಪೆ ಹಾಕಿ, ಹೇಗೋ ನಡೆಸಿಕೊಂಡು ಬಂದಿದ್ದ. ತೇಪೆ ಎಲ್ಲೆಲ್ಲಿದೆ ಎಂಬುದು ಅವನೊಬ್ಬನಿಗೇ ಗೊತ್ತು. ಅದೇ ಅವನ ಗತ್ತು. ಬಿಲ್ಲು ನಿಂತಿತೆಂದರೆ ಗೋದಾಮಿನವರು, ಲೆಕ್ಕದವರು, ಕೊನೆಗೆ ಯಜಮಾನಿ ಕೂಡ ಅವನ ಮೇಜಿನ ಸುತ್ತ ಬಂದು ಪಿಟಿಕ್ಕೆನ್ನದೆ ನಿಲ್ಲುತ್ತಿದ್ದರು. ಅವನು ಮೊದಲು ಕನ್ನಡಕ ಒರೆಸಿಕೊಳ್ಳುತ್ತಿದ್ದ, ಸಾವಕಾಶವಾಗಿ.

ಒಂದು ದಿನ ಯಜಮಾನಿ ಅವನನ್ನು ಕರೆದು ಹೇಳಿದಳು. "ದುಡ್ಡು ತಗೊಂಡು ಈ ಡಬ್ಬಿಗಳ ಹೊಣೆಯೆಲ್ಲ ಹೊರೋ ಪ್ಲಾಟ್‌ಫಾರ್ಮ್ ಅಂತ ಒಂದು ತಂತ್ರಾಂಶ ಇದೆಯಂತಲ್ಲ. ಡಬ್ಬಿ ಬಿದ್ರೆ ಅದೇ ಎಬ್ಬಿಸುತ್ತಂತೆ. ಅದೂ ಆಗದಿದ್ರೆ ಅವರ ಕಡೆಯೋರು ಫೋನ್ ಎತ್ತುತ್ತಾರಂತೆ. ನಮಗೆ ಒಗ್ಗುತ್ತಾ ಅಂತ ನೀವೇ ಪರೀಕ್ಷೆ ಮಾಡಿ. ಎಲ್ಲಾ ನಿಮ್ಮ ಅನುಕೂಲಕ್ಕೇ."

ದಣಿಗಳು ನಿಮ್ಮ ಅನುಕೂಲಕ್ಕೆ ಎಂದಾಗ ಕೆಲಸಗಾರ ತನ್ನ ಕುರ್ಚಿ ಇನ್ನೂ ಕೆಳಗಿದೆಯೇ ಎಂದು ಮುಟ್ಟಿ ನೋಡಿಕೊಳ್ಳುತ್ತಾನೆ. ಅವನೂ ನೋಡಿಕೊಂಡ. ಆದರೆ ನಿಜವಾಗಿ ಹೊಟ್ಟೆಗೆ ಬೆಂಕಿ ಬಿದ್ದದ್ದು ಆ ಪ್ಲಾಟ್‌ಫಾರ್ಮ್ ತೋರಿಸಲು ಬಂದವನನ್ನು ಕಂಡಾಗ. ಸ್ವಂತ ಷಡ್ಡಕ, ಹೆಂಡತಿಯ ತಂಗಿಯ ಗಂಡ! ಮದುವೆಯಾದ ಹೊಸತರಲ್ಲಿ ಇವನ ಮನೆಯ ಅಡುಗೆಕೋಣೆಯಲ್ಲಿ ಕೂತು "ಅಣ್ಣ, ಕಂಟೇನರ್ ಅಂದ್ರೇನು?" ಎಂದು ಕೇಳಿ ಕಲಿತವನು. ಈಗ ಸುಕ್ಕಿಲ್ಲದ ಅಂಗಿ ತೊಟ್ಟು, ಯಜಮಾನಿಯ ಎದುರಿನ ಮೆತ್ತನೆಯ ಕುರ್ಚಿಯಲ್ಲಿ ಕೂತಿದ್ದ.

ಸಂಜೆ ಮನೆಗೆ ಬಂದರೆ ಹೆಂಡತಿಯೂ ಅದನ್ನೇ ಎತ್ತಿದಳು. "ನಿಮ್ಮ ಆಫೀಸಿಗೆ ಬಂದಿದ್ರಂತೆ. ಊಟಕ್ಕೆ ಕರೀಬಾರದಿತ್ತಾ?"

"ಅವನು ಊಟಕ್ಕೆ ಬಂದಿಲ್ಲ, ನನ್ನ ಅನ್ನಕ್ಕೇ ಬಂದಿದಾನೆ."

"ಏನು ಮಾತು ಅಂತ ಆಡ್ತೀರಿ! ರಜಾ ದಿನ ತಂಗೀನ ಸುತ್ತಾಡಿಸ್ತಾರಂತೆ. ಫೋನ್ ಬಂದ್ರೆ ನೋಡ್ಕೊಳ್ಳೋಕೆ ಪಾಳಿ ಮೇಲೆ ಬೇರೆಯೋರು ಇರ್ತಾರಂತೆ."

"ಹಾಗಾದ್ರೆ ಅವನನ್ನೇ ಕಟ್ಕೋಬೇಕಿತ್ತು."

"ನಮ್ಮ ಮದುವೆ ಹೊತ್ತಿಗೆ ಅವರಿಗಿನ್ನೂ ಮೀಸೆ ಬಂದಿರ್ಲಿಲ್ವಲ್ಲ, ಏನ್ಮಾಡೋದು!" ಎಂದು ನಕ್ಕಳು. ಅವನು ನಗಲಿಲ್ಲ.

ಪರೀಕ್ಷೆ ಶುರುವಾಯಿತು. ಅಂಗಡಿಗಳ ವ್ಯವಹಾರದ ಒಂದು ನಕಲನ್ನು ಷಡ್ಡಕನ ಪ್ಲಾಟ್‌ಫಾರ್ಮಿನ ಮೇಲೆ ಕೂರಿಸಿ, ಅದನ್ನು ಕೆಡವುವುದಕ್ಕೇ ಆಪದ್ಬಾಂಧವ ಟೊಂಕ ಕಟ್ಟಿ ನಿಂತ. ಬಿಲ್ಲಿನ ಕಂಟೇನರನ್ನು ಕೊಂದ. ಕಣ್ಣು ಮಿಟುಕಿಸುವುದರೊಳಗೆ ಎದ್ದು ಕೂತಿತು. ಒಂದು ಯಂತ್ರವನ್ನೇ ಆರಿಸಿದ. ಅದರ ಮೇಲಿದ್ದವೆಲ್ಲ ಪಕ್ಕದ ಯಂತ್ರಕ್ಕೆ ಗುಳೆ ಹೋದವು. ಬಿಲ್ಲು ನಿಲ್ಲಿಸದೆಯೇ ಹೊಸ ಆವೃತ್ತಿ ಹಾಕಿತು ಹಾಳಾದ್ದು. ನೆರವಿಗೆ ಫೋನ್ ಮಾಡಿದರೆ ಮೊದಲ ಸಲಕ್ಕೇ ಎತ್ತಿದರು, ಅದೂ ಮರ್ಯಾದೆಯಿಂದ. ಸಿಕ್ಕಿದ್ದು ಒಂದೇ ಹುಳುಕು: ಅದರ ರೀತಿಗೆ ಒಮ್ಮೆ ಒಗ್ಗಿಕೊಂಡರೆ ಮುಂದೆ ಬಿಟ್ಟು ಬರುವಾಗ ಅರ್ಧ ಕೆಲಸ ಮತ್ತೆ ಮೊದಲಿಂದ ಮಾಡಬೇಕು. ಅಷ್ಟಕ್ಕೇ ಬೇಡ ಎನ್ನಲಾಗದು. ತಾನು ಇಷ್ಟು ವರ್ಷ ಮೈ ಹಣ್ಣು ಮಾಡಿಕೊಂಡು ಮಾಡಿದ್ದನ್ನು ಇದು ಸದ್ದಿಲ್ಲದೆ ಮಾಡುತ್ತಿದೆ ಎಂದು ಅವನಿಗೆ ಮೈಯೆಲ್ಲ ಉರಿಯಿತು.

ಯಜಮಾನಿಗೆ ತೋರಿಸುವ ದಿನ ಬೆಳಗ್ಗೆ ಅವನೊಂದು ಹಲ್ಕಾ ಕೆಲಸ ಮಾಡಿದ. ಪ್ರತಿ ಕಂಟೇನರಿಗೂ ಇಷ್ಟೇ ಮೆಮೊರಿ ಬಳಸಬೇಕೆಂಬ ಮಿತಿ ಇರುತ್ತದೆ. ದಾಟಿದರೆ ಪ್ಲಾಟ್‌ಫಾರ್ಮೇ ಅದನ್ನು ಅಲ್ಲೇ ಮುಗಿಸಿ ಮತ್ತೆ ಎಬ್ಬಿಸುತ್ತದೆ. ಬಿಲ್ಲಿನ ಕಂಟೇನರಿಗೆ ಉಸಿರಾಡಲೂ ಸಾಲದಷ್ಟು ಮಿತಿ ಇಟ್ಟು ಬಂದ.

ಸಭೆಯಲ್ಲಿ ಪರದೆ ಕೆಂಪಾಯಿತು. ಬಿಲ್ಲು ಏಳುತ್ತಿತ್ತು, ಬೀಳುತ್ತಿತ್ತು, ಮತ್ತೆ ಏಳುತ್ತಿತ್ತು.

"ಇದೇನ್ರೀ, ಕುಡಿದೋರ ಥರ ಎದ್ದೆದ್ದು ಬೀಳ್ತಿದೆ?" ಎಂದಳು ಯಜಮಾನಿ.

ಷಡ್ಡಕ ಬಗ್ಗಿ ನೋಡಿದ. ಹಿಂದಿನ ದಿನವಷ್ಟೇ ಆ ಮಿತಿ ಸರಿಯಾಗಿಟ್ಟವನು ಅವನೇ. ಪಾಸ್‌ವರ್ಡ್ ಇದ್ದದ್ದು ಇವರಿಬ್ಬರ ಬಳಿ ಮಾತ್ರ. ತಲೆಯೆತ್ತಿ ಇವನನ್ನು ಒಂದು ಗಳಿಗೆ ದಿಟ್ಟಿಸಿ, ಯಜಮಾನಿಯತ್ತ ತಿರುಗಿದ.

"ತಪ್ಪು ನಂದೇ, ಮೇಡಂ. ಮೆಮೊರಿ ಕಮ್ಮಿ ಇಟ್ಬಿಟ್ಟಿದ್ದೆ."

ಸರಿಪಡಿಸಿದ. ಪರದೆ ಹಸಿರಾಯಿತು. ಆದರೆ ಯಜಮಾನಿಯ ಮುಖ ಬಿಗಿದುಕೊಂಡಿತ್ತು. "ತೋರಿಸೋ ದಿನವೇ ಹೀಗಾದ್ರೆ ನಾಳೆ ನಮ್ಮ ಗತಿ? ನೀವೇನಂತೀರಿ?" ಎಂದು ಆಪದ್ಬಾಂಧವನತ್ತ ನೋಡಿದಳು.

ಬೇಡ ಎಂಬ ಎರಡಕ್ಷರ ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಷಡ್ಡಕನ ಮುಖ ಕಣ್ಣಿಗೆ ಬಿತ್ತು. ಸಿಟ್ಟಿಲ್ಲ. ಬಸ್ಸಿನಲ್ಲಿ ಮುದುಕರಿಗೆ ಸೀಟು ಬಿಟ್ಟುಕೊಟ್ಟವರ ಮುಖದಲ್ಲಿ ಇರುತ್ತದಲ್ಲ, ಅಂಥ ಸಮಾಧಾನ. ಈ ಷಡ್ಡಕ ಇದನ್ನು ಯಾರಿಗೂ ಹೇಳುವವನಲ್ಲ. ಹೇಳದೆಯೇ ದೊಡ್ಡವನಾಗಿಬಿಡುತ್ತಾನೆ. ಕೆಲಸದಲ್ಲಿ ಮುಂದೆ, ಸಂಸಾರದಲ್ಲಿ ಮುಂದೆ, ಈಗ ದೊಡ್ಡ ಮನಸ್ಸಿನಲ್ಲೂ ಮುಂದೆ! ಅವನ ಭಿಕ್ಷೆಯಲ್ಲಿ ಕುರ್ಚಿ ಉಳಿಸಿಕೊಳ್ಳುವುದಕ್ಕಿಂತ ಬೀದಿಗೆ ಬೀಳುವುದೇ ಮೇಲು ಅನ್ನಿಸಿತು.

"ಅವನು ಸುಳ್ಳು ಹೇಳ್ತಿದಾನೆ, ಮೇಡಂ. ಮಿತಿ ಇಳಿಸಿದ್ದು ನಾನು."

"ಪರೀಕ್ಷೆಗೆ ಅಂತಾನಾ?"

"ಅಲ್ಲ. ಹೊಟ್ಟೆಕಿಚ್ಚಿಗೆ."

ಬಾಯಿ ಬಿಟ್ಟಾಗಿತ್ತು, ಉಳಿದದ್ದನ್ನೂ ಹೇಳಿ ಮುಗಿಸಿದ. "ನಾನು ಕಟ್ಟಿದ್ದಕ್ಕಿಂತ ಇದು ಚೆನ್ನಾಗಿದೆ, ತಗೊಳ್ಳಿ. ಆದ್ರೆ ಒಳಗೆ ಹೋದಷ್ಟು ಸಲೀಸಾಗಿ ಹೊರಗೆ ಬರೋಕಾಗಲ್ಲ. ಬಿಟ್ಟು ಹೋಗೋದಾದ್ರೆ ನಾವೇ ನಿಂತು ಬಿಡಿಸಿಕೊಡ್ತೀವಿ ಅಂತ ಇವರ ಕಂಪನಿ ಕೈಲಿ ಮೊದಲೇ ಬರೆಸ್ಕೊಳ್ಳಿ."

"ಅಣ್ಣ, ಅದು... ನಮ್ಮ ಕಂಪನಿಯಲ್ಲಿ ಹಾಗೆ..." ಷಡ್ಡಕ ಮೊದಲ ಬಾರಿಗೆ ತಡವರಿಸಿದ. ಆಪದ್ಬಾಂಧವನಿಗೆ ಆ ವಾರದಲ್ಲೇ ಮೊದಲ ಸಲ ಹಾಯೆನಿಸಿತು.

ಯಜಮಾನಿ ಆಪದ್ಬಾಂಧವನತ್ತ ತಿರುಗಿದಳು. "ಬರೆದುಕೊಟ್ರೆ ತಗೊಳ್ಳೋಣ. ನೋಡ್ಕೊಳ್ಳೋದು ನೀವೇ. ಆದ್ರೆ ಇನ್ಮೇಲೆ ನಿಮ್ಮೊಬ್ಬರ ಕೈಯಲ್ಲೇ ಎಲ್ಲಾ ಇರೋದು ಬೇಡ." ಏಟು ಬೀಳಬೇಕಾದ ಕಡೆಯೇ ಬಿತ್ತು. ಅವನು ತಲೆಯಾಡಿಸಿದ.

ಮೆಟ್ಟಿಲ ಬಳಿ ಷಡ್ಡಕ ಹಿಂದೆಯೇ ಬಂದ. "ನಾನು ಮುಚ್ಚಿಹಾಕಿದ್ನಲ್ಲ, ಯಾಕಣ್ಣ ಹೇಳಿದ್ರಿ?"

"ನೀನು ಮುಚ್ಚಿಹಾಕಿದೆಯಲ್ಲ, ಅದಕ್ಕೇ."

"ಹೋಗ್ಲಿ ಬಿಡಿ. ಮನೇಲಿ ನಾನೇನೂ ಹೇಳಲ್ಲ."

"ನೀನ್ಯಾಕೆ ಹೇಳ್ತೀಯ? ನಾನೇ ಹೇಳ್ತೀನಿ!" ಎಂದವನೇ ಜೇಬಿನಿಂದ ಫೋನ್ ತೆಗೆದು, ಹೆಂಡತಿಯ ನಂಬರು ಒತ್ತುತ್ತ ದಡದಡನೆ ಮೆಟ್ಟಿಲಿಳಿದ.